ಎದೆಯೊಳಗಿನ ಜೀವಕ್ಕೂ ದಯೆ

ಆ ಮುಂಜಾನೆ ಬೆಳಗಾವಿಯಲ್ಲಿ ಶ್ರಾವಣದ ಮಳೆ ಜಿಟಿಜಿಟಿ ಹಿಡಿದಿತ್ತು. ಮಹಾಂತೇಶ ನಗರದಿಂದ ಸ್ಕೂಟರಿನಲ್ಲಿ ಬಂದ ಮಹಾವೀರ ರೇನ್‌ಕೋಟು ಝಾಡಿಸಿ ಕಬ್ಬಿಣ ಎರಕದ ಫೌಂಡ್ರಿಯೊಳಗೆ ಕಾಲಿಟ್ಟ. ಅಲ್ಲಿ ಮೂವತ್ತು ಮಂದಿಗೆ ಅವನೇ ಸೂಪರ್‌ವೈಜರ್. ಅಂದು ಆರೋಗ್ಯ ತಪಾಸಣೆ ನಡೆದಿತ್ತು. ನರ್ಸ್ ದಾನೇಶ್ವರಿ ಒಬ್ಬೊಬ್ಬರ ತೋಳಿಗೂ ಬಿ.ಪಿ. ಪಟ್ಟಿ ಸುತ್ತುತ್ತಿದ್ದಳು.

"ಬರ್ರಿ ಅಣ್ಣಾರ, ಕುಂದರ್ರಿ."

"ನನಗ್ಯಾಕಬೇ ಯವ್ವಾ? ಕುಡಿಯೂದಿಲ್ಲ, ತಂಬಾಕ ಇಲ್ಲ, ಮಾಂಸ ಮುಟ್ಟಿಲ್ಲ. ಹೊತ್ತು ಮುಳುಗೂದ್ರಾಗ ಊಟ ಮುಗಸ್ತೀನಿ. ನನ್ನ ಎದಿಗೇನ್ ಧಾಡಿ?"

ಸಾಲಿನಲ್ಲಿದ್ದ ದಿಗಂಬರ ನಕ್ಕ. ಅವನು ಖಾನಾಪುರದ ಕಡೆಯಿಂದ ದಿನಾ ಬಸ್ಸಿಗೆ ಬಂದು ಎರಕ ಹೊಯ್ಯುವವ. "ಸಾಹೇಬ್ರ, ಸೂಜಿ ಚುಚ್ಚೂದಿಲ್ರಿ, ಅಂಜಬ್ಯಾಡ್ರಿ!"

ಮಹಾವೀರ ಕುಳಿತ. ಮಷೀನು ನೂರಾ ಎಪ್ಪತ್ತು ತೋರಿಸಿತು. ಇರಬೇಕಾದ್ದು ನೂರಾ ಇಪ್ಪತ್ತರ ಆಸುಪಾಸು. ಸ್ವಲ್ಪ ಹೊತ್ತು ಬಿಟ್ಟು ನೋಡಿದರೂ ಅಷ್ಟೇ.

"ಮನ್ಯಾಗ ಏನೇನ್ ಉಣ್ತೀರಿ?"

"ಚಾತುರ್ಮಾಸ ಅಲ್ಲೇನು? ಹಸಿರು ಕಾಯಿಪಲ್ಲೆ ಬಿಟ್ಟೀವಿ. ಹಪ್ಪಳ, ಸಂಡಿಗಿ, ಉಪ್ಪಿನಕಾಯಿ..."

"ಅಂದ್ರ ಬರೇ ಉಪ್ಪು, ಎಣ್ಣಿ. ಮ್ಯಾಲ ಕೆಲಸದ ಟೆನ್ಶನ್, ನಿದ್ದಿಗೇಡು."

"ಹಂಗಂತ ವ್ರತ ಬಿಡ್ಲೇನು?" ಮಹಾವೀರನ ದನಿ ಏರಿತು.

ದಾನೇಶ್ವರಿ ಸ್ಟೆತೊಸ್ಕೋಪನ್ನು ಅವನ ಕಿವಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಅವನದೇ ಎದೆಗೆ ಒತ್ತಿದಳು.

ಢಬ್... ಢಬ್... ಢಬ್...

"ತಾಯಿ ಹೊಟ್ಟ್ಯಾಗ ಶುರುವಾಗಿದ್ದು ರೀ ಅದು. ದಿನಕ್ಕ ಸುಮಾರು ಒಂದು ಲಕ್ಷ ಸಲ ಬಡೀತೈತಿ. ನೀವು ಮಲಗಿದ್ರೂ ಅದು ಮಲಗೂದಿಲ್ಲ. ನೀರು ಸೋಸಿ ಕುಡಿಯೂ ಜೈನ ಮಂದಿ ನೀವು, ಹುಳಕ್ಕೂ ನೋವಾಗಬಾರದು ಅಂತೀರಿ. ಈ ಜೀವದ ಮ್ಯಾಲೂ ಚೂರು ದಯಾ ಇರಲಿ."

ಫೌಂಡ್ರಿಯ ಸದ್ದೆಲ್ಲ ಎಲ್ಲೋ ದೂರ ಸರಿಯಿತು. ಭಟ್ಟಿಯಾದರೂ ಆರುತ್ತದೆ, ಇದು ಐವತ್ತೆರಡು ವರ್ಷ ಒಂದು ಗಳಿಗೆಯೂ ಆರಿಲ್ಲ! ಬಸದಿಯ ಬಾಗಿಲಲ್ಲಿ ನಿಂತಂತೆ ಅವನ ಕೈಗಳು ತಾವಾಗಿ ಕೂಡಿಕೊಂಡವು.

ಮರುದಿನ ಡಾಕ್ಟರು ರಕ್ತಪರೀಕ್ಷೆ, ಇಸಿಜಿ ಮಾಡಿಸಿ ದಿನಕ್ಕೊಂದು ಗುಳಿಗೆ ಬರೆದರು. ಒಪ್ಪತ್ತಿನ ದಿನ ಆ ಒಂದೇ ಊಟದ ಜೊತೆಗೇ ನುಂಗಿರಿ ಎಂದರು.

ಮನೆಯಲ್ಲಿ ಹೆಂಡತಿ ಜಿನಮತಿ ಎಲ್ಲ ಕೇಳಿದಳು. "ನಮ್ಮ ಅತ್ತಿಯವರು ರಸತ್ಯಾಗ ಅಂತ ಒಂದಿನ ಉಪ್ಪು, ಒಂದಿನ ತುಪ್ಪ, ಒಂದಿನ ಸಕ್ರಿ ಬಿಡತಿದ್ರು. ನೀವು ಕಾಯಿಪಲ್ಲೆ ಬಿಟ್ರಿ, ನಾಲಿಗಿ ಬಿಡಲಿಲ್ಲ!"

"ಖರೇ. ಹಿರ್ಯಾರು ಎಷ್ಟು ದೂರ ನೋಡಿದ್ರು!" ಮಹಾವೀರ ಬೆರಗಾದ. ಹಪ್ಪಳದ ಡಬ್ಬಿ ಅಟ್ಟ ಏರಿತು. ಮುಂಜಾನೆ ಬಸದಿಗೆ ಗಂಡ ಹೆಂಡತಿ ಅರ್ಧ ತಾಸು ನಡೆದೇ ಹೋಗತೊಡಗಿದರು.

ದುಡಿಯುವ ಅಣ್ಣಂದಿರೇ, ಅಕ್ಕಂದಿರೇ, ಚಟವಿಲ್ಲವೆಂದು ಮೈಮರೆಯಬೇಡಿ. ಮೂವತ್ತು ದಾಟಿದ ಮೇಲೆ ಬಿ.ಪಿ., ಸಕ್ಕರೆ ನೋಡಿಸಿಕೊಳ್ಳಿ. ಇಡೀ ದಿನಕ್ಕೆ ಒಂದು ಚಹಾ ಚಮಚದಷ್ಟು ಉಪ್ಪು ಸಾಕು. ತಂಬಾಕಿದ್ದರೆ ಇಂದೇ ಬಿಡಿ. ಕೊಟ್ಟ ಗುಳಿಗೆಯನ್ನು ನೀವಾಗಿ ನಿಲ್ಲಿಸಬೇಡಿ. ಎದೆ ಒತ್ತಿದಂತಾಗಿ ಬೆವರು ಕಿತ್ತುಬಂದರೆ ಗ್ಯಾಸೆಂದು ಸುಮ್ಮನೆ ಕೂರಬೇಡಿ, 108ಕ್ಕೆ ಫೋನು ಮಾಡಿ.

ಇನ್ನೊಂದು ಮಾತು ಉಳಿಯಿತು. ಸೋಮವಾರ ಮಹಾವೀರ ಪಾಳಿಯ ಪಟ್ಟಿ ತೆಗೆದು ನೋಡಿದ. ಕೆಲಸದ ಅವಸರಕ್ಕೆಂದು ದಿಗಂಬರನಿಗೆ ವಾರಕ್ಕೊಂದು ಸಿಗಬೇಕಿದ್ದ ಸೂಟಿಯನ್ನು ಐದು ವಾರಗಳಿಂದ ತಾನೇ ತಡೆದಿದ್ದ. ಐದು ದಿನದ ಸೂಟಿಯ ಚೀಟಿ ಬರೆದು, ಯಾರೂ ಇಲ್ಲದಾಗ ಅವನ ಕೈಗಿಟ್ಟ.

"ಇವು ನಿನ್ನವ ಅದಾವ. ಮನ್ಯಾಗಿದ್ದು ನಿದ್ದಿ ಮಾಡು, ನಿನ್ನ ಎದಿಗೂ ಆರಾಮ ಬೇಕು."