ಮೊದಲನೆಯ ಅರ್ಥ

"ಅಕ್ಕ, ಮೊದಲನೇ ಅರ್ಥ ಎಲ್ಲಿ?"

ಕರಡು ತಿದ್ದುವವನು 'ಜಿಮ್ನೇಷಿಯಂ' ಪದದ ಚೀಟಿಯನ್ನು ಅವಳ ಮುಂದಿಟ್ಟ. ನಿಘಂಟಿನ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಪದಗಳ ಹುಟ್ಟು ಹುಡುಕುವುದೇ ಅವಳ ಕೆಲಸ. ಚೀಟಿಯಲ್ಲಿ ಎರಡೇ ಅರ್ಥಗಳಿದ್ದವು: ಕೆಲವು ದೇಶಗಳಲ್ಲಿ ಪ್ರೌಢಶಾಲೆ; ಕಸರತ್ತಿನ ಸಾಧನಗಳಿರುವ ಕೋಣೆ.

"ಗ್ರೀಕರದ್ದು ಬಿಟ್ಟೇಬಿಟ್ಟಿದ್ದೀರಲ್ಲ. ಬಟ್ಟೆ ಕಳಚಿಟ್ಟು ಕಸರತ್ತು ಮಾಡೋ ಜಾಗ. 'ಬೆತ್ತಲೆ' ಅನ್ನೋ ಮಾತಿಂದಲೇ ಹುಟ್ಟಿದ್ದು ಅಂತ ನೀವೇ ಹೇಳಿದ್ರಿ."

"ಮಕ್ಕಳು ನೋಡೋ ಪುಸ್ತಕ ಕಣೋ."

"ಅಯ್ಯೋ, ಎಂತೆಂಥ ಬೈಗುಳಕ್ಕೆಲ್ಲ ಬೇರು ಹುಡುಕಿ ಬರೆದವರು ನೀವು! ಇವತ್ತೇನಾಯ್ತು?"

ಏನಾಯಿತೆಂದು ಈ ಪುಣ್ಯಾತ್ಮನಿಗೆ ಹೇಗೆ ಹೇಳುವುದು? ಐದು ತಿಂಗಳ ಹಿಂದೆ ಗಡ್ಡೆಯ ಜೊತೆಗೆ ಅವಳ ಎಡ ಮೊಲೆಯನ್ನೂ ತೆಗೆದಿದ್ದರು. ಅಂದಿನಿಂದ ಎಡಗೈ ಭುಜಕ್ಕಿಂತ ಮೇಲೇಳುತ್ತಿರಲಿಲ್ಲ. ಜಿಮ್ಮಿಗೆ ಹೋಗಿ ಪಳಗಿಸದಿದ್ದರೆ ಕೈ ಹಾಗೇ ಬಿಗಿದುಕೊಂಡುಬಿಡುತ್ತದೆ ಎಂದು ಡಾಕ್ಟರು ಗದರಿದ್ದರು. ಕಚೇರಿಯಿಂದ ನೇರವಾಗಿ ಮೂರು ಸಲ ಹೋದಳು. ಮೂರು ಸಲವೂ ಬಟ್ಟೆ ಬದಲಿಸುವ ಕೋಣೆಯ ಬಾಗಿಲಿಂದಲೇ ಹಿಂದಿರುಗಿದಳು. ಒಳಗೆ ಹೆಂಗಸರು ಎಗ್ಗಿಲ್ಲದೆ ಅರೆಬಟ್ಟೆಯಲ್ಲೇ ಹರಟುತ್ತಿದ್ದರು. ಕನ್ನಡಿಯಲ್ಲಿ ತನ್ನನ್ನು ತಾನೇ ನೋಡಿಕೊಳ್ಳಲು ಹೆದರುವವಳು ಊರಿಗೆಲ್ಲ ತೋರಿಸುವುದುಂಟೇ? ಹಾಳು ನಾಚಿಕೆ!

ಆದರೆ ಗೊತ್ತಿದ್ದೂ ಒಂದು ಅರ್ಥವನ್ನು ಅವಳು ಬಚ್ಚಿಟ್ಟದ್ದು ಇದೇ ಮೊದಲು. ಅದು ಚುಚ್ಚಿತು. ಪೆನ್ನು ತೆಗೆದು, ಎರಡೂ ಅರ್ಥಗಳ ತಲೆಯ ಮೇಲೆ ಇಕ್ಕಟ್ಟಾದ ಅಕ್ಷರಗಳಲ್ಲಿ ಮೊದಲನೆಯದನ್ನು ಬರೆದಳು. ಬರೆದ ಮೇಲೆ ಕುಳಿತಿರಲಾಗಲಿಲ್ಲ; ಎದ್ದು ಜಿಮ್ಮಿಗೆ ಹೊರಟಳು.

ಬಟ್ಟೆ ಬದಲಿಸುವ ಕೋಣೆಯಲ್ಲಿ ನೆಲ ಒರೆಸುತ್ತಿದ್ದ ಮುದುಕಿ ತಲೆಯೆತ್ತಿದಳು. "ಬಂದ್ಯಾ ತಾಯಿ? ಇವತ್ತು ಓಡಿಹೋಗಬೇಡ. ನೆಲ ಒದ್ದೆಯಿದೆ, ಜಾರ್ತೀಯ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದಳು. ಪಕ್ಕದಲ್ಲಿ ತಲೆ ಬಾಚುತ್ತಿದ್ದ ಹುಡುಗಿಯ ಕೈ ಒಂದು ಗಳಿಗೆ ನಿಂತಿತು, ಮತ್ತೆ ಬಾಚತೊಡಗಿತು. ಮುದುಕಿ ಮಾತ್ರ ಹೊಲಿಗೆಯ ಗೆರೆಯನ್ನು ನೆಟ್ಟಗೆ ನೋಡಿದಳು.

"ಇನ್ನೂ ನೋಯುತ್ತಾ?"

"ನೋಯುತ್ತಮ್ಮ. ಬಹಳ."

"ಅಂಗಿ ಕೊಡು, ನೇತುಹಾಕ್ತೀನಿ."

"ಬೇಡ. ನಾನೇ ಹಾಕ್ತೀನಿ."

ಕೊಕ್ಕೆ ತಲೆಗಿಂತ ಎತ್ತರದಲ್ಲಿತ್ತು. ಬಲಗೈಗೆ ಆರಾಮಾಗಿ ನಿಲುಕುತ್ತಿತ್ತು. ಅವಳು ಅಂಗಿಯನ್ನು ಎಡಗೈಗೆ ತೆಗೆದುಕೊಂಡು, ಗೋಡೆಯ ಮೇಲೆ ಬೆರಳುಗಳನ್ನು ಹತ್ತಿಸುತ್ತಾ ಹೋದಳು. ಭುಜ ದಾಟಿತು. ಕಿವಿ ದಾಟಿತು. ಹಲ್ಲು ಕಚ್ಚಿ ನಿಂತಳು. ಕೊಕ್ಕೆಗೆ ಇನ್ನೂ ನಾಲ್ಕು ಬೆರಳಷ್ಟು ದೂರವಿತ್ತು.

ಮುದುಕಿ ಒರೆಸುವ ಕೋಲನ್ನು ಗೋಡೆಗೆ ಒರಗಿಸಿ, ಅಂಗಿಗೆ ಕೈ ಚಾಚದೆ ಅವಳ ಪಕ್ಕದಲ್ಲಿ ನಿಂತಳು.