ಹಳದಿಯಾಗದ ಹನ್ನೆರಡು ಗಾಜು

ಸರೋವರದ ದಂಡೆಯ ಊರು ಕಿಸುಮುವಿನ ಗಾಳಿಯಲ್ಲಿ ತೇವ ಸದಾ ಇರುತ್ತದೆ. ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಸಂಶೋಧಕಿ ಅಕೆಯೊ ತಯಾರಿಸುತ್ತಿದ್ದ ಪೆರೊವ್‌ಸ್ಕೈಟ್ ಪದರಕ್ಕೆ ಆ ತೇವವೇ ಶತ್ರು. ಬಿಸಿಲನ್ನು ವಿದ್ಯುತ್ತಾಗಿಸುವ ಆ ಪದರ ಸರಿಯಾಗಿದ್ದಷ್ಟು ದಿನ ಗಾಜಿನ ಮೇಲೆ ಕಾಡಿಗೆಯಂತೆ ಕಪ್ಪಗಿರುತ್ತಿತ್ತು. ಕೆಟ್ಟಿತೆಂದರೆ ಅರಿಸಿನ ಬಳಿದಂತೆ ಹಳದಿ. ಎರಡು ವರ್ಷ ಅವಳು ಮಾಡಿ ಕಾದು ನೋಡಿದ್ದೆಲ್ಲ ವಾರ ತುಂಬುವುದರೊಳಗೆ ಹಳದಿಯಾಗಿತ್ತು.

ಸಂಶೋಧನೆ ಬಿಟ್ಟುಬಿಡುತ್ತೇನೆಂದು ಅವಳು ಮೊದಲು ಹೇಳಿದ್ದು ಅಬುಯಾನಿಗೆ. ಆತ ಪ್ರಯೋಗಾಲಯದ ಹಳೆಯ ಸಹಾಯಕ. ವರ್ಷದ ಕೊನೆಗೆ ನಿವೃತ್ತಿ. ಆ ಪದರದಲ್ಲಿ ಸೀಸ ಇರುವುದರಿಂದ ಕಸಕ್ಕೆ ಹಾಕುವಂತಿಲ್ಲ. ಅವಳು ಬೇಡವೆಂದ ಗಾಜುಗಳನ್ನೆಲ್ಲ ತಾರೀಖು ಬರೆದು ಕಿಟಕಿಯ ಪಕ್ಕದ ಡಬ್ಬಿಗಳಲ್ಲಿ ಕೂಡಿಡುವುದು ಅವನ ಕೆಲಸವಾಗಿತ್ತು. ಅವಳ ಮಾತು ಕೇಳಿ ಅವನು ಬುದ್ಧಿ ಹೇಳಲು ಹೋಗಲಿಲ್ಲ. ಒಂದು ಡಬ್ಬಿ ತಂದು ಮುಂದಿಟ್ಟ.

"ಹೋಗೋದಾದ್ರೆ ಹೋಗು ಮಗಳೇ. ಇವಕ್ಕೇನು ರೋಗ ಅಂತ ಹೇಳಿ ಹೋಗು. ಮಾರ್ಚಿಂದ ನೋಡ್ತಿದೀನಿ, ಹಳದಿ ಆಗೋಕೇ ಒಲ್ಲೆ ಅಂತಾವೆ."

"ಮಾರ್ಚಿಂದಾನಾ? ಈಗ ಜುಲೈ ಬಾಬಾ."

"ಕ್ಯಾಲೆಂಡರ್ ಓದೋಕೆ ನಂಗೂ ಬರುತ್ತೆ."

ಹನ್ನೆರಡು ಗಾಜು, ಹನ್ನೆರಡೂ ಕಪ್ಪು. ಅಕೆಯೊ ತನ್ನ ಟಿಪ್ಪಣಿ ಪುಸ್ತಕ ತಿರುವಿದಳು. ಡಬ್ಬಿಯ ಮೇಲೆ ಬರೆದಿದ್ದ ತಾರೀಖಿನ ದಿನ ಬೆರೆಸಬೇಕಾದ ಒಂದು ಲವಣವನ್ನು ಕೈತಪ್ಪಿ ಎರಡರಷ್ಟು ತೂಗಿದ್ದಳು. ವಿದ್ಯುತ್ ತೀರ ಕಡಿಮೆ ಬಂತೆಂದು ಅಳೆದ ಅರ್ಧ ಗಂಟೆಯಲ್ಲೇ ಬೇಡವೆಂದಿದ್ದಳು. ಎಷ್ಟು ದಿನ ಬಾಳುತ್ತದೆಂದು ನೋಡುವ ಗೋಜಿಗೇ ಹೋಗಿರಲಿಲ್ಲ.

ಅಲ್ಲಿಂದ ಮತ್ತೆ ಶುರು. ವಿದ್ಯುತ್ತೂ ಬರಬೇಕು, ಬಾಳಿಕೆಯೂ ಬೇಕು ಎಂದು ಲವಣವನ್ನು ಚಿಟಿಕೆ ಚಿಟಿಕೆಯಾಗಿ ಇಳಿಸುತ್ತ ಬಂದಳು. ಅಕ್ಟೋಬರಿನಲ್ಲಿ ಒಂದು ಅಳತೆ ಒಗ್ಗಿತು. ಅಂಚು ಮುಚ್ಚಿದ ಗಾಜುಗಳನ್ನು ಪರೀಕ್ಷೆಯ ಪೆಟ್ಟಿಗೆಗೆ ಹಾಕಿದಳು: ಎಂಬತ್ತೈದು ಡಿಗ್ರಿ ಕಾವು, ಉಸಿರು ಕಟ್ಟುವಷ್ಟು ತೇವ, ಸಾವಿರ ಗಂಟೆ. ಕರೆಂಟು ಹೋದಾಗಲೆಲ್ಲ ಅಬುಯಾ ಬೈದುಕೊಳ್ಳುತ್ತ ಜನರೇಟರ್ ಹಚ್ಚಿದ. ಭಾನುವಾರ ಚರ್ಚಿನಿಂದ ನೇರ ಅಲ್ಲಿಗೇ ಬಂದ, ಕೋಟು ಕೂಡ ಬಿಚ್ಚದೆ.

ನಲವತ್ತೆರಡನೆಯ ದಿನ ಪೆಟ್ಟಿಗೆ ತೆರೆದಾಗ ಗಾಜುಗಳು ಕಪ್ಪಗೇ ಇದ್ದವು. ಮೊದಲಿನ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತೊಂದು ಪಾಲು ಉಳಿದಿತ್ತು. ಅಕೆಯೊ ಅಲ್ಲೇ ಸ್ಟೂಲಿನ ಮೇಲೆ ಕುಳಿತು ಅತ್ತಳು.

ಮರುವರ್ಷ ಲೇಖನ ಅಚ್ಚಾದಾಗ ಅಕೆಯೊ ಅದನ್ನು ಹಿಡಿದು, ನಿವೃತ್ತನಾಗಿ ಸಿಯಾಯಾ ಊರಿನಲ್ಲಿದ್ದ ಅಬುಯಾನ ಮನೆಗೆ ಹೋದಳು. ಅವಳ ಹೆಸರಿನ ಪಕ್ಕದಲ್ಲೇ ತನ್ನ ಹೆಸರೂ ಇದ್ದದ್ದು ನೋಡಿ ಅಬುಯಾ ಮುಜುಗರಪಟ್ಟ.

"ನಾನೇನ್ ಮಾಡ್ದೆ? ಹಾಗೇ ಇಟ್ಟು ಆಗಾಗ ನೋಡ್ದೆ, ಅಷ್ಟೇ."

"ಅಷ್ಟನ್ನ ನಾನು ಮಾಡಿರ್ಲಿಲ್ಲ ಬಾಬಾ."

ಅಬುಯಾನ ಹೆಂಡತಿ ಕನ್ನಡಕ ಹುಡುಕಿ ತಂದು ಗಂಡನ ಹೆಸರನ್ನು ಎರಡು ಸಲ ಗಟ್ಟಿಯಾಗಿ ಓದಿದಳು. ಆಮೇಲೆ ಮೀನು ಬಡಿಸಿದಳು.