ಹನ್ನೊಂದರಿಂದ ಒಂದರವರೆಗಿನ ಗಾಳಿ

ಅತ್ತಿಗೆಯ ಕೆಮ್ಮು ಶುರುವಾಗಿ ಮೂರು ತಿಂಗಳಾಗಿತ್ತು. ಧೂಳಿನ ಸಹವಾಸ ಬಿಡಿ, ಇಲ್ಲದಿದ್ದರೆ ಇನ್ನೊಂದು ವರ್ಷದಲ್ಲಿ ಮೆಟ್ಟಿಲು ಹತ್ತುವುದಕ್ಕೂ ಉಸಿರು ಸಾಲುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ಅವಳು ಹೂಂಗುಟ್ಟಿ, ಮರುದಿನ ಎಂದಿನಂತೆ ಪೊರಕೆ ಹಿಡಿದು ನೆಲದಡಿಯ ರೈಲು ನಿಲ್ದಾಣಕ್ಕೆ ಇಳಿದಳು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದ್ದು ಈ ಅತ್ತಿಗೆಯೇ. ಹೇಳಿದ ಮಾತು ಕೇಳುವ ಅಭ್ಯಾಸ ಅವಳಿಗೆ ಆಗಲೂ ಇರಲಿಲ್ಲ.

ಅದೇ ನಿಲ್ದಾಣದಲ್ಲಿ ನಾನು ಫ್ಯಾನ್ ಮೆಕ್ಯಾನಿಕ್. ಮೇಲಿನ ಗಾಳಿಯನ್ನು ಕೆಳಕ್ಕೆ ತಳ್ಳುವ, ಕೆಳಗಿನದನ್ನು ಹೊರಕ್ಕೆ ಎಳೆಯುವ ಎಂಟು ಭಾರಿ ಫ್ಯಾನುಗಳು ನನ್ನ ಸುಪರ್ದಿನಲ್ಲಿವೆ. ಅಂದರೆ ಅತ್ತಿಗೆ ದಿನವಿಡೀ ಉಸಿರಾಡುವ ಗಾಳಿಯನ್ನು ಕಳಿಸುವವಳು ನಾನೇ. ಇದು ಹೊಳೆದ ದಿನದಿಂದ ನನಗೆ ಊಟ ಸೇರಲಿಲ್ಲ.

ಮೊದಲು ಫ್ಯಾನುಗಳು ಹಗಲೆಲ್ಲ ಒಂದೇ ವೇಗದಲ್ಲಿ ತಿರುಗುತ್ತಿದ್ದವು. ಹೋದ ವರ್ಷ ಕರೆಂಟ್ ಉಳಿಸಲೆಂದು ಪ್ಲಾಟ್‌ಫಾರ್ಮಿನ ತುದಿಯ ಕಂಬದ ಹಿಂಬದಿಗೆ ಧೂಳು ಅಳೆಯುವ ಮೀಟರ್ ಹಾಕಿದರು. ಗಾಳಿ ಕೆಟ್ಟರೆ ಫ್ಯಾನು ಜೋರಾಗುತ್ತದೆ, ಚೆನ್ನಾಗಿದ್ದರೆ ನಿಧಾನವಾಗುತ್ತದೆ. ಕರೆಂಟ್ ಉಳಿತಾಯದಲ್ಲಿ ನಮ್ಮ ನಿಲ್ದಾಣವೇ ಮೊದಲು ಎಂಬ ಸರ್ಟಿಫಿಕೇಟು ನಿಲ್ದಾಣದ ಸಾಹೇಬರ ಕುರ್ಚಿಯ ಹಿಂದೆ ತೂಗುತ್ತಿದೆ. ಅಂಥವರ ಮುಂದೆ ಹೋಗಿ, ಅತ್ತಿಗೆಯ ಕೆಮ್ಮಿನ ವಿಷಯ ತಿಳಿಸಿ, ಗಾಳಿ ಸರಿಯಿಲ್ಲ ಎಂದೆ. ಅವರು ಮೀಟರಿನ ಅಂಕಿ ಮೂಡುವ ಕಂಪ್ಯೂಟರ್ ಪರದೆ ತೋರಿಸಿದರು. ಎಲ್ಲ ಹಸಿರು. ನಿಮ್ಮ ಮನೆಯವರು ಕೆಮ್ಮಿದಾಗಲೆಲ್ಲ ಫ್ಯಾನು ಜೋರು ಮಾಡಲಾಗುವುದಿಲ್ಲ ಎಂದು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ಹಠಕ್ಕೆ ಬಿದ್ದೆ. ಸ್ಟೋರಿನಿಂದ ಕೈಯಲ್ಲಿ ಹಿಡಿಯುವ ಮೀಟರ್ ತಂದು, ಗಂಟೆಗೊಮ್ಮೆ ಪ್ಲಾಟ್‌ಫಾರ್ಮಿನ ಉದ್ದಕ್ಕೂ ನಡೆದು ಅಳೆದು ಬರೆದುಕೊಂಡೆ. ಇವಳಿಗೇ ಗಾಳಿ ಹಿಡಿದಿದೆ ಎಂದು ಜೊತೆಯವರು ಗೇಲಿ ಮಾಡಿದರು. ಬೆಳಿಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ ಮೂರಕ್ಕೆ ನನ್ನ ಅಂಕಿಯೂ ಪರದೆಯ ಅಂಕಿಯೂ ತಾಳೆಯಾಗುತ್ತಿದ್ದವು. ಹನ್ನೊಂದರಿಂದ ಒಂದರವರೆಗೆ ಮಾತ್ರ ನನ್ನದು ನಾಲ್ಕು ಪಟ್ಟು ಹೆಚ್ಚು. ಪರದೆಯಲ್ಲಿ ನೋಡಿದರೆ ಇಡೀ ದಿನದ ಅತಿ ಶುದ್ಧ ಗಾಳಿ ಆಗಲೇ. ರೈಲು ಕಡಿಮೆಯಿರುವ ಆ ಎರಡು ಗಂಟೆಯಲ್ಲೇ ಅಲ್ಲಿ ಗುಡಿಸುವುದು. ಗಾಲಿ, ಹಳಿ, ಬ್ರೇಕು ಸವೆದು ಕೂತ ಕಪ್ಪು ಧೂಳೆಲ್ಲ ಏಳುವುದೂ ಆಗಲೇ.

ಆರನೆಯ ದಿನ ಹನ್ನೊಂದಕ್ಕೆ ಐದು ನಿಮಿಷ ಮುಂಚೆ ಮೆಟ್ಟಿಲ ಮರೆಯಲ್ಲಿ ನಿಂತೆ. ಅತ್ತಿಗೆ ಬಂದಳು. ಜೇಬಿನಿಂದ ಪ್ಲಾಸ್ಟಿಕ್ ಚೀಲ ತೆಗೆದು, ಕಂಬದ ಮೀಟರಿಗೆ ತೊಡಿಸಿ, ರಬ್ಬರ್ ಬ್ಯಾಂಡ್ ಸುತ್ತಿ, ಗುಡಿಸತೊಡಗಿದಳು.

ಮರೆಯಿಂದ ನುಗ್ಗಿ, ಇದೇನಿದು ಎಂದು ರೇಗಿದೆ. ಅವಳು ಸಮಾಧಾನದಿಂದ ವಿವರಿಸಿದಳು. ಗುಡಿಸುವಾಗ ಮೀಟರ್ ಕೆಂಪಾದರೆ ಸಾಹೇಬರ ಫೋನು ಕೂಗುತ್ತದೆ, ಸಾಹೇಬರು ಮೇಸ್ತ್ರಿಗೆ ಬೈಯುತ್ತಾರೆ, ಮೇಸ್ತ್ರಿ ಗುಡಿಸುವವರಿಗೆ. ಮೆಲ್ಲಗೆ ಗುಡಿಸಲು ಬರುವುದಿಲ್ಲ ಎಂದು ಇಬ್ಬರನ್ನು ಮನೆಗೆ ಕಳಿಸಿಯೂ ಆಗಿತ್ತು. ಅಂದಿನಿಂದ ಗುಡಿಸುವವರೆಲ್ಲ ಸೇರಿ ಈ ಉಪಾಯ ಹೂಡಿದ್ದರು. ಮೀಟರ್ ಮುಚ್ಚಿದರೆ ಫ್ಯಾನೂ ನಿಧಾನವಾಗುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಒಂದೇ ಮನೆಯಲ್ಲಿ ಉಂಡು ಮಲಗುವ ನಾನೂ ಹೇಳಿರಲಿಲ್ಲ. ಈಗ ಹೇಳಿದೆ. ಅವಳು ಪೊರಕೆ ಊರಿಕೊಂಡು ಚೀಲ ತೊಡಿಸಿದ ಮೀಟರಿನತ್ತ ನೋಡಿದಳು.

ಸಾಹೇಬರಿಗೆ ಹೇಳಿದರೆ ಅವಳ ಕೆಲಸ ಹೋಗುತ್ತದೆ, ಹೇಳದಿದ್ದರೆ ಉಸಿರೇ ಹೋಗುತ್ತದೆ. ಹೇಳಿಯೇ ತೀರುವುದು, ಯಾರೆಂದು ಮಾತ್ರ ಬಾಯಿ ಬಿಡುವುದಿಲ್ಲ ಎಂದು ಮನಸ್ಸು ಗಟ್ಟಿಮಾಡಿದೆ. ಗುಡಿಸುವಾಗ ಮೀಟರ್ ಮುಚ್ಚಿರುತ್ತದೆ ಎಂದು ತಿಳಿಸಿ, ಆರು ದಿನದ ಅಂಕಿಯ ಹಾಳೆಗಳನ್ನು ಅವರ ಮೇಜಿನ ಮೇಲಿಟ್ಟೆ. ಬೀಗ ಹಾಕಿದ ಹಳೆಯ ಸುರಂಗದಾರಿಗೆ ಇವತ್ತಿಗೂ ಎರಡು ಫ್ಯಾನು ಗಾಳಿ ಊದುತ್ತಿವೆ, ಅಲ್ಲಿ ಇಲಿಯೂ ಓಡಾಡುವುದಿಲ್ಲ. ಅವನ್ನು ನಿಲ್ಲಿಸಿದರೆ ಗುಡಿಸುವ ಎರಡು ಗಂಟೆಗೆ ಬೇಕಾದ ಕರೆಂಟು ಸಿಗುತ್ತದೆ, ನಿಮ್ಮ ಸರ್ಟಿಫಿಕೇಟಿಗೂ ಧಕ್ಕೆಯಿಲ್ಲ ಎಂದೆ. ಸಾಹೇಬರು ಅದನ್ನೆಲ್ಲ ಕಿವಿಗೆ ಹಾಕಿಕೊಳ್ಳದೆ, ಮುಚ್ಚಿದ್ದು ಯಾರು ಎಂದು ಮೂರು ಸಲ ಕೇಳಿದರು.

ಬಾಗಿಲ ಬಳಿ ಕೆಮ್ಮು ಕೇಳಿತು.

"ಮುಚ್ಚಿದ್ದು ನಾನೇ," ಎಂದಳು ಅತ್ತಿಗೆ. "ಕೆಲಸದಿಂದ ತೆಗೀರಿ, ಬೇಡ ಅನ್ನಲ್ಲ. ಅದಕ್ಕೆ ಮುಂಚೆ ಒಂದ್ಸಲ ಕೆಳಗೆ ಬನ್ನಿ. ನಾನು ಗುಡಿಸ್ತೀನಿ, ನೀವು ಸುಮ್ನೆ ನಿಂತ್ಕೊಳ್ಳಿ."

ಮಾರನೆಯ ದಿನ ಹನ್ನೊಂದಕ್ಕೆ ಸಾಹೇಬರು ಮುಖ ಗಂಟಿಕ್ಕಿಕೊಂಡೇ ಇಳಿದುಬಂದರು. ಅತ್ತಿಗೆ ಚೀಲ ತೊಡಿಸಿ ಗುಡಿಸಿದಳು. ಫ್ಯಾನುಗಳ ಸದ್ದು ಇಳಿಯಿತು. ಐದು ನಿಮಿಷಕ್ಕೆ ಅವರು ಕರ್ಚೀಫು ತೆಗೆದರು, ಒಂಬತ್ತನೆಯ ನಿಮಿಷಕ್ಕೆ ಕಣ್ಣೊರೆಸಿಕೊಂಡರು, ಹನ್ನೆರಡನೆಯ ನಿಮಿಷಕ್ಕೆ ಕಂಬಕ್ಕೆ ಕೈಯೂರಿ ಕೆಮ್ಮತೊಡಗಿದರು.

"ತೆಗೀರಮ್ಮ ಅದನ್ನ."

ಅತ್ತಿಗೆ ಗುಡಿಸುವುದನ್ನು ನಿಲ್ಲಿಸಿದಳು. ಚೀಲಕ್ಕೆ ಮಾತ್ರ ಕೈ ಹಾಕಲಿಲ್ಲ. "ತೆಗೆದ್ರೆ ಕೆಂಪಾಗುತ್ತೆ ಸಾಹೇಬ್ರೆ. ಆಮೇಲೆ ಯಾರಿಗೆ ಬೈತೀರಿ?"

ಸಾಹೇಬರು ತಾವೇ ಕೈ ಚಾಚಿ ಚೀಲವನ್ನು ಕಿತ್ತರು. ಅವರ ಜೇಬಿನಲ್ಲಿ ಫೋನು ಕೂಗಿಕೊಂಡಿತು. ಅದನ್ನು ನೋಡಿ, ಅದರ ಬಾಯಿ ಮುಚ್ಚಿಸಿ, ಮತ್ತೆ ಜೇಬಿಗಿಟ್ಟುಕೊಂಡರು. ಆ ಹಳೆಯ ಸುರಂಗದ ಫ್ಯಾನುಗಳು ಯಾವುವು, ಈಗಲೇ ನಿಲ್ಲಿಸಲು ಆಗುತ್ತದೆಯೇ ಎಂದು ನನ್ನನ್ನು ಕೇಳಿದರು. ತಲೆಯ ಮೇಲೆ ಗಾಳಿ ಜೋರಾಗತೊಡಗಿತ್ತು. ಇನ್ನೂ ಅರ್ಧ ಪ್ಲಾಟ್‌ಫಾರ್ಮ್ ಬಾಕಿಯಿದೆ, ಸ್ವಲ್ಪ ಆ ಕಡೆ ಸರಿದು ಮಾತಾಡಿಕೊಳ್ಳಿ ಎಂದು ಅತ್ತಿಗೆ ನಮ್ಮಿಬ್ಬರನ್ನೂ ಪಕ್ಕಕ್ಕೆ ಕಳಿಸಿದಳು.